ಒಂದು ಗಜ

ಟೊಲೀಡೊ. ನವೆಂಬರಿನ ಕೊನೆ. ರಾತ್ರಿ ಎರಡೂಕಾಲು.
ಹೇಳಿದ್ದಕ್ಕಿಂತ ನಾಲ್ಕು ಗಂಟೆ ಮೊದಲೇ ಹಿಮ ಬಿತ್ತು.
ಹನ್ನೊಂದು ಉಪ್ಪಿನ ಲಾರಿ ಬೀದಿಯಲ್ಲಿ.
ಇಲ್ಲಿ ನಾನೊಬ್ಬ, ಹೀಟರಿನ ಪಕ್ಕ,
ನಕ್ಷೆ, ಮೈಕು, ಆರಿದ ಕಾಫಿ.
ಯಾವ ಲಾರಿ ಎಲ್ಲಿದೆ ಎಂದು ಬರೆದಿಡುವುದು ನನ್ನ ಕೆಲಸ.
ಅವರು ಮಾತಾಡುವುದೆಲ್ಲ
ಗ್ಯಾಡ್ಸನ್ ಹುಡುಗನ ಬಗ್ಗೆ.

'ಏಳನೇ ಲಾರಿ. ಚೆರ್ರಿ ಬೀದಿ ಮುಗೀತು.
ಅವನನ್ನು ಬೆಂಚಿಗೆ ಕೂರಿಸಬೇಕು.'
ಇವನು ಗೇಜಾ ಮೊಲ್ನಾರ್, ಮೂವತ್ತೊಂದು ಚಳಿಗಾಲ ಕೆರೆದವನು.
'ಫೀಸು ಬಿಟ್ಟಿ, ಊಟ ಬಿಟ್ಟಿ, ಕಾಲಿನ ಬೂಟೂ ಬಿಟ್ಟಿ.
ಉಪ್ಪು ತಿಂದವನು ನೀರು ಕುಡಿಯಲೇಬೇಕು.'
ಉಪ್ಪಿನ ಲಾರಿಯಿಂದ ಉಪ್ಪಿನ ಮಾತು!
ಯಾರೋ ನಕ್ಕರು. ರೇಡಿಯೊದಲ್ಲಿ ನಗು
ತಳ ಹಿಡಿದ ಪಾತ್ರೆ ಉಜ್ಜಿದ ಹಾಗೆ.

ಹೆಸರಿಗೆ ಫುಟ್‌ಬಾಲ್; ಇಲ್ಲಿ ಅದು ಕೈಯ ಆಟ.
ಚೆಂಡನ್ನು ಎದೆಗೆ ಅವಚಿಕೊಂಡು
ಗೋಡೆಯಂಥ ಗಂಡಸರ ನಡುವೆ
ರೆಪ್ಪೆ ಬಡಿಯುವಷ್ಟು ಹೊತ್ತು ತೆರೆಯುವ ಸಂದಿಗೆ
ನುಗ್ಗಬೇಕು. ನುಗ್ಗಿದ್ದನ್ನು ಗಜದಲ್ಲಿ ಅಳೆಯುತ್ತಾರೆ.
ಗಜ ಎಂದರೆ ಮೂರಡಿ.
ಕೆಲವು ಶನಿವಾರ ಗಜ ಎಂದರೆ ಆನೆಯೇ,
ಎದುರಿಗೆ ನಿಂತದ್ದು, ಅಲುಗದ್ದು.

ಸೆಪ್ಟೆಂಬರಿನಲ್ಲಿ ಅದೇ ಹುಡುಗ
ಒಂದೇ ಓಟಕ್ಕೆ ಎಂಬತ್ತೆರಡು ಗಜ ಹೋಗಿದ್ದ.
ಬೆನ್ನಟ್ಟಿದವರು ನಡುವಿನಲ್ಲೇ ಬಿಟ್ಟು
ಸೊಂಟಕ್ಕೆ ಕೈಯಿಟ್ಟು ನೋಡುತ್ತ ನಿಂತಿದ್ದರು,
ರೈಲು ತಪ್ಪಿದವರಂತೆ.
ಆಮೇಲೆ ಕಾಲಿನ ಕೀಲು.
ಆಮೇಲೆ, ಮೂರು ಆಟದಲ್ಲಿ ನಾಲ್ಕು ಸಲ,
ಕೈಗೆ ಬಂದದ್ದು ಕೈಯಿಂದ ಜಾರಿತು.
ಕೊನೆಯದು ಮೊನ್ನೆ, ಗೆರೆಗೆ ಒಂದೇ ಗಜ ಇರುವಾಗ.

'ಮೂರನೇ ಲಾರಿ.' ನಜೀಬ್. 'ಅದು ಕೈಯ ತಪ್ಪಲ್ಲ ಮಾರಾಯ.
ಮುಂದಿನವರು ಬಾಗಿಲು ತೆಗೆದರೆ ತಾನೇ ಇವನು ಒಳಗೆ ಹೋಗೋದು?
ಬೇರೆ ಕಾಲೇಜಿಗೆ ಹೋಗಲಿ, ಉದ್ಧಾರ ಆಗ್ತಾನೆ.
ಇಲ್ಲೇ ಇದ್ದರೆ ಇಪ್ಪತ್ತಕ್ಕೇ ಮುದುಕ.'

ನಾಲ್ಕನೇ ಲಾರಿ ಒರೀಥಾ ಪಿಕೆಟ್‌ಳದು.
ಅವಳ ಮಾತು ಕಡಿಮೆ, ಆಡಿದರೆ ಚಾಕು:
'ಅವನಿಗೆ ಹೆದರಿಕೆ. ಓಡೋ ಮೊದಲು ಒಂದು ಕ್ಷಣ ಯೋಚಿಸ್ತಾನೆ.
ಯೋಚಿಸುವವರಿಗೆ ಬೇರೆ ಕೆಲಸ ಇದೆ.
ಹೊಸಬನನ್ನು ತರಲಿ.'
ಅದೇ ಉಸಿರಿನಲ್ಲಿ:
'ಸೇತುವೆ ಮೇಲೆ ಕಾಣದ ಮಂಜುಗಡ್ಡೆ. ಎಲ್ಲರೂ ನಿಧಾನ.'

ಬರೆದೆ: ಸೇತುವೆ, ೨:೫೦.

ಮೈಕು ನನ್ನ ಕೈಯಲ್ಲೇ ಇತ್ತು. ಅಭಿಪ್ರಾಯವೂ ಇತ್ತು.
ಆದರೆ ಇಪ್ಪತ್ತರಲ್ಲಿ ನಾನು ಗಾಜಿನ ಕಾರ್ಖಾನೆಯಲ್ಲಿ
ಒಂದೇ ದಿನ ಹದಿನೇಳು ಕಿಟಕಿ ಕೆಡವಿದ್ದೆ.
ನೋಡಿದವನು ಫೋರ್‌ಮನ್ ಒಬ್ಬ.
ಅವನೂ ತೀರಿಕೊಂಡ.

'ನಾಲ್ಕು. ಹೆದ್ದಾರಿ ಇಳಿಜಾರಲ್ಲಿ ಒಂದು ಕಾರು ಹೂತಿದೆ.
ಹುಡುಗ ಒಬ್ಬನೇ ತಳ್ಳುತ್ತಿದ್ದಾನೆ. ಇಳಿಯುತ್ತೇನೆ.'
ಇಳಿಯಬಾರದು ಎನ್ನುವುದು ನಿಯಮ.
ನಿಯಮ ಹೇಳಬೇಕಾದವನು ನಾನು.
ಹೇಳಲಿಲ್ಲ.

ಹನ್ನೊಂದು ನಿಮಿಷ ನಾಲ್ಕನೇ ಲಾರಿ ಸುದ್ದಿಯಿಲ್ಲ.
ಉಳಿದವರು ಗಜ ಎಣಿಸುತ್ತಲೇ ಇದ್ದರು,
ಓಟಕ್ಕೆ ಸರಾಸರಿ ಎರಡು ಪಾಯಿಂಟ್ ಆರು,
ಅಲ್ಲ, ಎರಡು ಪಾಯಿಂಟ್ ಒಂಬತ್ತು.

'ನಾಲ್ಕು. ಕಾರು ಹೊರಗೆ ಬಂತು.'
ಸ್ವಲ್ಪ ಹೊತ್ತು ಬರೀ ವೈಪರಿನ ಸದ್ದು.
'ಸರಪಳಿ ಹಿಡ್ಕೋ ಅಂದೆ. ಎರಡೂ ಕೈಯಲ್ಲಿ ಹಿಡಿದ,
ಎದೆಗೆ ಒತ್ತಿಕೊಂಡು. ಸಾಕು, ಬಿಡು ಅಂದೆ.
ಬಿಡಲಿಲ್ಲ. ಬೆರಳು ಒಂದೊಂದಾಗಿ ನಾನೇ ಬಿಡಿಸಬೇಕಾಯ್ತು.'

'ಯಾರು?' ಗೇಜಾ ಕೇಳಿದ.

'ಉಪ್ಪು ಮುಗೀತಾ ಬಂತು. ತುಂಬಿಸಿಕೊಳ್ಳೋಕೆ ಬರ್ತಿದ್ದೀನಿ.'

ಬರೆದೆ: ಇಳಿಜಾರು, ೩:೨೧, ಕಾರು ಒಂದು.
ಹೆಸರಿನ ಖಾನೆ ಖಾಲಿ ಬಿಟ್ಟೆ.

ಶನಿವಾರ ಮತ್ತೆ ಅವನನ್ನೇ ಇಳಿಸುತ್ತಾರಂತೆ, ಎಂದ ನಜೀಬ್.
ಕರಕರ ಸದ್ದಿನ ನಡುವೆ ಯಾರದೋ ದನಿ:
'ಇಳಿಸಲಿ ಬಿಡು.'
ಯಾವ ಲಾರಿ ಎಂದು ಹೇಳಲಿಲ್ಲ.
ನಾನೂ ಕೇಳಲಿಲ್ಲ.